ಚಿಕ್ಕಹನುಮಂತಪ್ಪನ ಅರ್ಧ ಎತ್ತರದ ಕಾರ್ಡು

ನ್ಯಾಮತಿಯ ಚಿಕ್ಕಹನುಮಂತಪ್ಪ ಮೂವತ್ತೊಂದು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಚನ್ನಗಿರಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ನ್ಯಾಮತಿ, ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ಬರುವುದು. ಎಷ್ಟೇ ಜನ ತುಂಬಿರಲಿ, ಬಗಲಲ್ಲಿ ಚರ್ಮದ ಚೀಲ ಒತ್ತಿ ಹಿಡಿದು, ಯಾರ ಕಾಲನ್ನೂ ತುಳಿಯದೆ, ಮುಂದಿನ ಬಾಗಿಲಿಂದ ಹಿಂದಿನ ಸೀಟಿನವರೆಗೆ ನುಸುಳಿ ಹೋಗಿ ಬರುತ್ತಿದ್ದ. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು ಎನ್ನುವುದು ಅವನಿಗೆ ಬಾಯಿಪಾಠ. ಆದರೆ ಅಷ್ಟೂ ವರ್ಷಗಳಲ್ಲಿ ಒಂದು ಮಾರು ದೂರವೂ ಅವನು ಬಸ್ಸು ಓಡಿಸಿರಲಿಲ್ಲ. ಸ್ಟೇರಿಂಗು ಡ್ರೈವರ್ ಕೊಟ್ರಬಸಪ್ಪನದು. ಕೊಟ್ರಬಸಪ್ಪ ಚನ್ನಗಿರಿಯವನು, ಚಹಾಕ್ಕೆ ಇಳಿದರೂ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೇ ಇಳಿಯುವ ಮನುಷ್ಯ.

"ಬಸಪ್ಪಣ್ಣ, ಸ್ಟ್ಯಾಂಡ್‌ನಾಗೆ ಬಸ್ಸು ಖಾಲಿ ಐತೆ, ಒಂದು ಸುತ್ತು ತಿರುಗಿಸ್ಲಾ?" ಎಂದು ಚಿಕ್ಕಹನುಮಂತಪ್ಪ ಎಷ್ಟೋ ಸಲ ಕೇಳಿದ್ದುಂಟು. ಪ್ರತಿ ಸಲವೂ ಒಂದೇ ಉತ್ತರ: "ನೀನು ಟಿಕೆಟ್ ಹರಿ."

ಇಬ್ಬರೂ ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಹೋದ ಕಾರ್ತಿಕದಲ್ಲಿ ಕೊಟ್ರಬಸಪ್ಪನ ಮೊಮ್ಮಗಳಿಗೆ ಹೆಸರಿಡುವ ಶಾಸ್ತ್ರ ಎಂದು ಕರೆ ಬಂತು. ಚಿಕ್ಕಹನುಮಂತಪ್ಪ ಹೆಂಡತಿ ಉಡಚಮ್ಮನ ಜೊತೆ ಚನ್ನಗಿರಿಗೆ ಹೋದ. ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಒಳಕೋಣೆಯಲ್ಲಿ ಇಣುಕಿದರೆ, ಕೊಟ್ರಬಸಪ್ಪನ ಮಗ ರಮೇಶ್ ಕಂಪ್ಯೂಟರಿನ ಮುಂದೆ ಕುಳಿತು ಬಸ್ಸು ಓಡಿಸುತ್ತಿದ್ದಾನೆ! ಮೇಜಿಗೆ ಬಿಗಿದ ಪುಟ್ಟ ಸ್ಟೇರಿಂಗು. ತೆರೆಯ ಮೇಲೆ ಬಸ್ಸಿನ ಮುಂಗಾಜು, ಎರಡೂ ಪಕ್ಕ ಕನ್ನಡಿ, ಕನ್ನಡಿಯಲ್ಲಿ ಹಿಂದೆ ಬರುವ ಲಾರಿ. ಮಳೆ ಬಂದರೆ ವೈಪರ್ ಆಡುತ್ತದೆ. ಸ್ಟಾಪಿನಲ್ಲಿ ಬಾಗಿಲು ಬುಸ್ಸೆಂದು ತೆರೆದುಕೊಳ್ಳುತ್ತದೆ, ಜನ ಹತ್ತುತ್ತಾರೆ.

"ಕೂತ್ಕೊಳ್ಳಿ ಮಾಮ, ನೀವೂ ಓಡ್ಸಿ ನೋಡಿ," ಎಂದ ರಮೇಶ್.

ಚಿಕ್ಕಹನುಮಂತಪ್ಪ ಟವೆಲಿಗೆ ಅಂಗೈ ಒರೆಸಿಕೊಂಡ. ಕೂತ. ಹಿಡಿದ. ಬಸ್ಸು ಹೊರಟಿತು. ಬೇವಿನ ಮರದಷ್ಟು ಎತ್ತರದಲ್ಲಿ ಕೂತಂತೆ ಅನ್ನಿಸಿ ಅವನು "ಅಯ್ಯಯ್ಯಪ್ಪಾ!" ಎಂದು ಕೂಗಿದ. ಕೂಗಿ ಮುಗಿಯುವಷ್ಟರಲ್ಲಿ ಬಸ್ಸು ರಸ್ತೆ ನಡುವಿನ ಕಟ್ಟೆ ಹತ್ತಿ, ದೀಪದ ಕಂಬಕ್ಕೆ ಗುದ್ದಿ ನಿಂತಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕೊಟ್ರಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನು ಕೀಲಿ ಕೊಡ್ದೆ ಇದ್ದಿದ್ದು ಎಷ್ಟು ಒಳ್ಳೇದಾತು ನೋಡು! ಒಂದೂರಿನ ಜನಾನೇ ಉಳಿಸಿದ್ನಲ್ಲೋ ಹನುಮ!"

ವಾಪಸ್ ಬರುವಾಗ ಬಸ್ಸಿನಲ್ಲಿ ಚಿಕ್ಕಹನುಮಂತಪ್ಪನ ಕಣ್ಣು ಡ್ರೈವರನ ಕೈ ಮೇಲೇ ಇತ್ತು. ಹೊನ್ನಾಳಿಯ ಹೊಳೆ ಸೇತುವೆ ದಾಟುವಾಗ ಒಮ್ಮೆಲೇ ಉಡಚಮ್ಮನ ಕಡೆ ತಿರುಗಿ, "ನಮ್ಮನ್ಯಾಗೂ ಕಂಪ್ಯೂಟರ್ ಐತಲ್ಲ!" ಎಂದ. ಆ ಮುಖದ ಕಳೆ ನೋಡಿ ಉಡಚಮ್ಮನಿಗೆ ಮುಂದಿನ ಒಂದು ತಿಂಗಳು ಹೇಗೆ ಕಳೆಯುತ್ತದೆ ಎನ್ನುವುದು ಗೊತ್ತಾಗಿಹೋಯಿತು.

ಕಂಪ್ಯೂಟರ್ ಇದ್ದದ್ದೇನೋ ನಿಜ. ಮಗಳು ಧನುಶ್ರೀ ಬಿ.ಎಡ್ ಓದುವಾಗ, ಕರೋನಾ ಕಾಲದಲ್ಲಿ, ಯಾವುದೋ ಆಫೀಸಿನವರು ಬಳಸಿ ಬಿಟ್ಟದ್ದನ್ನು ಕೊಂಡಿದ್ದು. ಎರಡು ಸೀರೆ ಬಾಕ್ಸನ್ನು ಒಂದರ ಮೇಲೊಂದು ಇಟ್ಟಷ್ಟೇ ದಪ್ಪದ ತೆಳು ಡಬ್ಬಿ. ಧನುಶ್ರೀ ಈಗ ಜಗಳೂರು ತಾಲ್ಲೂಕಿನ ಬಿಳಿಚೋಡಿನ ಹತ್ತಿರ ಹೈಸ್ಕೂಲಿನಲ್ಲಿ ಟೀಚರು. ಕಂಪ್ಯೂಟರು ಮೂಲೆಯಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಕೂತಿತ್ತು. ಚಿಕ್ಕಹನುಮಂತಪ್ಪ ಬಟ್ಟೆ ತೆಗೆದ, ಧೂಳು ಹೊಡೆದ, ರಮೇಶ್ ಫೋನಿನಲ್ಲಿ ಹೇಳಿದಂತೆ ಎರಡು ದಿನ ಕಷ್ಟಪಟ್ಟು ಆಟವನ್ನು ಇಳಿಸಿಕೊಂಡ.

ಬಸ್ಸೇನೋ ಬಂತು. ಆದರೆ ಚಲಿಸಲಿಲ್ಲ. ಒಂದು ಚಿತ್ರ ಬರುತ್ತಿತ್ತು, ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು ಚಿತ್ರ ಬರುತ್ತಿತ್ತು. ಎಡಕ್ಕೆ ತಿರುಗಿಸಿದರೆ, ಬಸ್ಸು ಯೋಚನೆ ಮಾಡಿ, ಯಾರನ್ನೋ ಕೇಳಿಕೊಂಡು ಬಂದವರ ಹಾಗೆ ಆಮೇಲೆ ತಿರುಗುತ್ತಿತ್ತು. ಅಷ್ಟರಲ್ಲಿ ತಿರುವು ಹಿಂದೆ ಹೋಗಿರುತ್ತಿತ್ತು.

ಮಗಳಿಗೆ ಫೋನು ಹೋಯಿತು.

"ಅಪ್ಪಾಜಿ, ಅದರಾಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲ," ಎಂದಳು ಧನುಶ್ರೀ.

"ಆಧಾರ್ ಕಾರ್ಡ್ ಐತೆ, ರೇಷನ್ ಕಾರ್ಡ್ ಐತೆ. ಇದು ಯಾವುದವ್ವಾ ಹೊಸದು?"

ಧನುಶ್ರೀಗೆ ನಗು ತಡೆಯಲಾಗಲಿಲ್ಲ. "ತೆರೆ ಮ್ಯಾಗೆ ಚಿತ್ರ ಬಿಡಿಸೋದೇ ಅದರ ಕೆಲಸ. ಈಗ ನಮ್ಮ ಕಂಪ್ಯೂಟರ್‌ನಾಗೆ ಲೆಕ್ಕ ಹಾಕೋದೂ ಚಿತ್ರ ಬಿಡಿಸೋದೂ ಒಂದೇ ಚಿಪ್. ಒಬ್ಬನೇ ಡ್ರೈವರೂ ಆಗಿ ಕಂಡಕ್ಟರೂ ಆದ್ರೆ ಹೆಂಗೆ?"

"ಅಂಗೆ ಹೇಳು ಮತ್ತೆ!" ಎಂದ ಚಿಕ್ಕಹನುಮಂತಪ್ಪ. ತಕ್ಷಣ ಅರ್ಥವಾಯಿತು. ಟಿಕೆಟ್ ಕೊಡಲು ಡ್ರೈವರ್ ಪ್ರತಿ ಸಲ ಬಸ್ಸು ನಿಲ್ಲಿಸಿ ಎದ್ದು ಬಂದರೆ ಚನ್ನಗಿರಿ ತಲುಪುವುದು ಯಾವಾಗ?

"ಆದ್ರೆ ಅಪ್ಪಾಜಿ, ಮೊದ್ಲು ಡಬ್ಬಿ ಅಳತೆ ತಗೊಳ್ರಿ. ನಮ್ಮದು ಸಣ್ಣದು…" ಎನ್ನುವಾಗ ಆ ಕಡೆ ಶಾಲೆಯ ಗಂಟೆ ಬಾರಿಸಿತು, ಫೋನು ಕಟ್ಟಾಯಿತು.

ಅಳತೆ ತೆಗೆದುಕೊಳ್ಳುವಷ್ಟು ತಾಳ್ಮೆ ಚಿಕ್ಕಹನುಮಂತಪ್ಪನಿಗೆ ಎಲ್ಲಿಂದ ಬರಬೇಕು? ಮೊಬೈಲಿನಲ್ಲಿ ಹಳೆಯ ಸಾಮಾನು ಮಾರುವವರ ಜಾಹೀರಾತು ನೋಡಿದ. ದಾವಣಗೆರೆಯ ಯಾರೋ ಒಬ್ಬರು ಎರಡು ಫ್ಯಾನಿನ ಕಾರ್ಡು ಮಾರಾಟಕ್ಕಿಟ್ಟಿದ್ದರು, ಬರೀ ಮೂರು ಸಾವಿರ. ಒಂದು ಫ್ಯಾನಿನದಕ್ಕಿಂತ ಎರಡು ಫ್ಯಾನಿನದೇ ಒಳ್ಳೆಯದಿರಬೇಕು ಎಂದುಕೊಂಡು, ಹೋಗಿ ಹೊತ್ತು ತಂದ. ತಂದು ಡಬ್ಬಿಯ ಮುಚ್ಚಳ ತೆಗೆದು ಇಟ್ಟು ನೋಡಿದರೆ, ಕಾರ್ಡಿನ ಅರ್ಧ ಭಾಗ ಹೊರಗೇ ನಿಂತಿದೆ. ಕೆಳಕ್ಕೆ ಒತ್ತಿದ, ಓರೆ ಮಾಡಿದ, ತಿರುಗಿಸಿದ. ಹಬ್ಬದ ದಿನ ಕಿಕ್ಕಿರಿದ ಬಸ್ಸಿಗೆ ಇನ್ನೂ ನಾಲ್ಕು ಜನರನ್ನು ತುಂಬಿದ ಕೈ ಅದು, ಆದರೂ ಈ ಒಂದು ಕಾರ್ಡನ್ನು ತುಂಬಲು ಆಗಲಿಲ್ಲ. ಮೇಲಾಗಿ ಅದರ ಬೆನ್ನಿನಲ್ಲಿ ಆರು ತೂತಿನ ಒಂದು ಬಾಯಿ ಬೇರೆ. ಅದಕ್ಕೆ ಕರೆಂಟು ಕೊಡುವ ವೈರೇ ಈ ಕಂಪ್ಯೂಟರಿನಲ್ಲಿ ಇರಲಿಲ್ಲ.

"ವೆಲ್ಡಿಂಗ್ ಶಾಪಿಗೆ ಒಯ್ದು ಮುಚ್ಚಳಕ್ಕೊಂದು ತೂತು ಹೊಡಿಸ್ಕೊಂಡು ಬರ್ತೀನಿ," ಎಂದು ಎದ್ದ.

ಉಡಚಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮಗಳು ಓದಿದ ಕಂಪ್ಯೂಟರ್ ರೀ ಅದು! ತೂತು ಹೊಡೀತಾರಂತೆ, ತೂತು. ಗೊತ್ತಿದ್ದೋರ ಹತ್ರ ಒಯ್ದು ತೋರಿಸ್ರಿ ಮೊದ್ಲು."

ಗೊತ್ತಿದ್ದವರೆಂದರೆ ಹೊನ್ನಾಳಿಯ ಸಂಧ್ಯಾರಾಣಿ. ಧನುಶ್ರೀಯ ಜೊತೆ ಪಿಯುಸಿ ಓದಿದವಳು, ಆಮೇಲೆ ಡಿಪ್ಲೊಮಾ ಮಾಡಿ ಬಸ್ ಸ್ಟ್ಯಾಂಡಿನ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಳು. ಮರುದಿನ ಬೆಳಿಗ್ಗೆ ಚಿಕ್ಕಹನುಮಂತಪ್ಪ ಕಾರ್ಡನ್ನು ಬಗಲ ಚೀಲಕ್ಕೆ ಹಾಕಿ, ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ಎತ್ತಿಕೊಂಡು ಬಸ್ಸು ಹತ್ತಿದ.

"ಇದಕ್ಕೆ ಲಗೇಜ್ ಆಗ್ತದೆ ಯಜಮಾನ್ರೆ," ಎಂದ ಹೊಸ ಹುಮ್ಮಸ್ಸಿನ ಕಂಡಕ್ಟರು.

"ಲಗೇಜ್ ಯಾಕ್ರಿ? ಫುಲ್ ಟಿಕೆಟ್ ಹರೀರಿ," ಎಂದ ಚಿಕ್ಕಹನುಮಂತಪ್ಪ. ಟಿಕೆಟ್ ತೆಗೆದುಕೊಂಡು ಕಂಪ್ಯೂಟರನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿದ. ಮುಂದಿನ ಸ್ಟಾಪಿನಲ್ಲಿ ಹತ್ತಿದ ಹೆಂಗಸೊಬ್ಬರು, "ಸಾಮಾನು ಕೆಳಗಿಡ್ರಿ, ಕೂತ್ಕೋತೀವಿ," ಎಂದರು.

"ಅದಕ್ಕೆ ಟಿಕೆಟ್ ಐತೆ ತಾಯಿ. ನೀವು ನನ್ ಸೀಟ್ನಾಗೆ ಕೂತ್ಕೊಳ್ರಿ," ಎಂದು ಎದ್ದು ನಿಂತ. ಬಸ್ಸೆಲ್ಲ ಘೊಳ್ಳೆಂದು ನಕ್ಕಿತು. ಕಂಡಕ್ಟರೂ ನಕ್ಕ. ಚಿಕ್ಕಹನುಮಂತಪ್ಪ ಒಂದು ಕೈಯಲ್ಲಿ ಮೇಲಿನ ಸರಳು, ಇನ್ನೊಂದು ಕೈಯಲ್ಲಿ ಕಂಪ್ಯೂಟರು ಹಿಡಿದು, ಹೊನ್ನಾಳಿಯವರೆಗೂ ನಿಂತೇ ಬಂದ. ನಿಲ್ಲುವುದೇನು ಅವನಿಗೆ ಹೊಸದೇ?

ಸಂಧ್ಯಾರಾಣಿ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ಒಳಗೆಲ್ಲ ನೋಡಿದಳು. ಎರಡು ಫ್ಯಾನಿನ ಕಾರ್ಡನ್ನು ಕೈಯಲ್ಲಿ ಹಿಡಿದು ತೂಗಿದಳು.

"ಕಾರ್ಡೇನೋ ಚೆನ್ನಾಗೈತೆ ಅಂಕಲ್. ಆದ್ರೆ ಇದು ದೊಡ್ಡ ಡಬ್ಬಿಗೆ. ನಿಮ್ಮದಕ್ಕೆ ಅರ್ಧ ಎತ್ತರದ ಕಾರ್ಡೇ ಬೇಕು. ಅದೂ ಅಲ್ದೆ ನಿಮ್ಮ ಪವರ್ ಸಪ್ಲೈ ಇನ್ನೂರ ನಲವತ್ತು ವ್ಯಾಟ್ ಅಷ್ಟೇ. ಇದು ಅದನ್ನೆಲ್ಲ ಒಂದೇ ಗುಟುಕಿಗೆ ಕುಡಿದುಬಿಡ್ತದೆ."

"ನಮ್ಮ ಬಸ್ಸಿಗೆ ಪರ್ಮಿಟ್ ನಲವತ್ತೆರಡು ಸೀಟಿಗೆ ಇತ್ತವ್ವಾ. ನಾವು ತೊಂಬತ್ತು ಹತ್ತಿಸ್ತಿದ್ವಿ."

"ಇದ್ರಾಗೆ ಅಂಗೆ ಹತ್ತಿಸಿದ್ರೆ ಹೊಗೆ ಬರ್ತದೆ."

"ಹೊಗೆ ನಮ್ ಬಸ್ಸಿಗೂ ಬರ್ತಿತ್ತು ಬಿಡು," ಎಂದ ಚಿಕ್ಕಹನುಮಂತಪ್ಪ, ಆದರೂ ಸ್ಟೂಲು ಎಳೆದುಕೊಂಡು ಗಮನ ಕೊಟ್ಟು ಕೂತ.

ಸಂಧ್ಯಾರಾಣಿ ಬಿಡಿಸಿ ಹೇಳಿದಳು. ಬೇರೆ ವೈರು ಕೇಳದೆ, ಕೂತ ಜಾಗದಿಂದಲೇ ಕರೆಂಟು ತೆಗೆದುಕೊಳ್ಳುವ ಕಾರ್ಡು ಬೇಕು. ಅಂಥದ್ದರಲ್ಲಿ ಏಳು ಸಾವಿರದೊಳಗೆ ಮೂರು ಸಿಗುತ್ತವೆ. "ಸೆವೆನ್ ಟೆನ್ ಅಂತ ಒಂದೈತೆ, ಅಗ್ಗ, ಆದ್ರೆ ಅದು ಆಟಕ್ಕಲ್ಲ, ಬರೀ ತೆರೆ ಬೆಳಗಾಕೆ. ಅದು ಬ್ಯಾಡ. ಆಮೇಲೆ ಟೆನ್ ಥರ್ಟಿ ಐತೆ…"

"ಟೆನ್ ಥರ್ಟಿಗೆ ಹೊನ್ನಾಳಿಂದ ಯಾವ ಬಸ್ಸೂ ಇಲ್ಲವ್ವಾ. ಟೆನ್ ಟ್ವೆಂಟಿಗೆ ಒಂದೈತೆ."

"ಕಾರ್ಡಿನ ಹೆಸರು ಅಂಕಲ್! ಮೂರನೇದು ಸಿಕ್ಸ್‌ಟೀನ್ ಫಿಫ್ಟಿ. ಹೊಸದು ನಿಮಗೆ ಎಟುಕಲ್ಲ. ಹಳೇದು ಒಂದು ದಾವಣಗೆರೆಯಿಂದ ನಿನ್ನೆ ಬಂದೈತೆ, ಅರ್ಧ ಎತ್ತರದ್ದೇ."

ಸಂಧ್ಯಾರಾಣಿ ಗಾಜಿನ ಕಪಾಟಿನಿಂದ ಹೊಸ ಟೆನ್ ಥರ್ಟಿಯ ಪೆಟ್ಟಿಗೆ ತೆಗೆದು ಅವನ ಕೈಗಿತ್ತಳು. ಹೊಸದು, ಗ್ಯಾರಂಟಿ ಉಂಟು, ಕರೆಂಟು ಕಡಿಮೆ ಸಾಕು, ನಿಮಗೆ ಇದೇ ಆದೀತು ಎಂದಳು. ಆದರೆ ಒಂದು ಮಾತು: ಇದರಲ್ಲಿ ಒಂದೇ ಹೆಸರಿಟ್ಟುಕೊಂಡು ಎರಡು ಥರ ಬರುತ್ತವೆ. ಒಂದರ ಮೆಮೊರಿ ಡಿ-ಫೈವ್, ಅದು ಬೇಗ. ಇನ್ನೊಂದರದು ಡಿ-ಫೋರ್, ಅದು ತೀರಾ ನಿಧಾನ. "ನಾನು ಡಿ-ಫೈವೇ ಬೇಕು ಅಂತ ಹೇಳಿ ತರ್ಸಿದೀನಿ," ಎಂದಳು.

ಚಿಕ್ಕಹನುಮಂತಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ. ಮೂವತ್ತೊಂದು ವರ್ಷ ವಿದ್ಯಾರ್ಥಿಗಳ ಪಾಸು ನೋಡಿದ ಕಣ್ಣು. ತಿಂಗಳು ತಿದ್ದಿದ್ದು, ಅಣ್ಣನ ಫೋಟೋದ ಮೇಲೆ ತಮ್ಮನದು ಅಂಟಿಸಿದ್ದು, ಎಲ್ಲವನ್ನೂ ಓಡುವ ಬಸ್ಸಿನಲ್ಲೇ ಹಿಡಿದಿದ್ದ. ಪೆಟ್ಟಿಗೆಯನ್ನು ನಿಧಾನವಾಗಿ ತಿರುಗಿಸಿದ. ಮುಂದೆ ನೋಡಿದ, ಹಿಂದೆ ನೋಡಿದ, ಪಕ್ಕಕ್ಕೆ ನೋಡಿದ. ಬಾರ್‌ಕೋಡಿನ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದ ಸಾಲಿನ ಮೇಲೆ ಉಗುರಿಟ್ಟು, "ಇದೇನವ್ವಾ, ಡಿ ಡಿ ಆರ್ ನಾಕು ಅಂತೈತೆ?" ಎಂದ.

ಸಂಧ್ಯಾರಾಣಿ ಪೆಟ್ಟಿಗೆ ಕಸಿದುಕೊಂಡಳು. ನೋಡಿದಳು. ಕೂಡಲೇ ಫೋನೆತ್ತಿ ಕಾರ್ಡು ಕಳಿಸಿದ ವ್ಯಾಪಾರಿಯನ್ನು ಎರಡು ನಿಮಿಷ ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಫೋನಿಟ್ಟು, ಇನ್ನೂ ಕೆಂಪಗಿದ್ದ ಮುಖದಲ್ಲೇ ನಕ್ಕು, "ಅಂಕಲ್, ನೀವು ವಾರಕ್ಕೊಂದು ದಿನ ಬಂದು ನಮ್ಮ ಅಂಗಡಿ ಮಾಲು ಚೆಕ್ ಮಾಡಿ ಹೋಗ್ರಿ," ಎಂದಳು.

ಚಿಕ್ಕಹನುಮಂತಪ್ಪನಿಗೆ ಎದೆ ಎರಡಿಂಚು ಉಬ್ಬಿತು.

ಹಾಗಾದರೆ ಉಳಿದದ್ದು ಹಳೆಯ ಸಿಕ್ಸ್‌ಟೀನ್ ಫಿಫ್ಟಿ. ಎರಡು ಫ್ಯಾನಿನ ಕಾರ್ಡನ್ನು ತನಗೇ ಬಿಟ್ಟುಕೊಟ್ಟರೆ, ಹೊಸ ಟೆನ್ ಥರ್ಟಿಯ ಬೆಲೆಗೇ ಇದನ್ನು ಕೊಡುವುದಾಗಿ ಸಂಧ್ಯಾರಾಣಿ ಹೇಳಿದಳು. ಆದರೆ ಹಳೆಯದನ್ನು ಓಡಿಸಿ ನೋಡದೆ ಕೊಡುವವಳಲ್ಲ. ಅವನ ಕಂಪ್ಯೂಟರಿಗೇ ಸಿಕ್ಕಿಸಿ, ಮುಚ್ಚಳ ತೆಗೆದಿಟ್ಟು, ಒಂದು ಆಟ ಹಚ್ಚಿ ಅರ್ಧ ತಾಸು ಬಿಟ್ಟಳು. ಚಿಕ್ಕಹನುಮಂತಪ್ಪ ಪಕ್ಕದಲ್ಲೇ ಬಗ್ಗಿ ನಿಂತು, ರೇಡಿಯೇಟರ್ ನೋಡುವವನ ಹಾಗೆ ಆಗಾಗ ಕೈಯಿಟ್ಟು ಕಾವು ನೋಡಿದ, ಮೂಗು ಹತ್ತಿರ ಒಯ್ದು ಮೂಸಿದ. ಸುಟ್ಟ ವಾಸನೆ ಇಲ್ಲ. ಸದ್ದು ಕೂಡ ಮೆತ್ತಗೆ. "ಇದೇ ಆಗಲಿ," ಎಂದ.

ಆಗ ಕೊನೆಯ ತೊಡಕು ಬಂತು. ಕಾರ್ಡು ಅರ್ಧ ಎತ್ತರದ್ದೇ, ಆದರೆ ಅದನ್ನು ಡಬ್ಬಿಗೆ ಬಿಗಿಯುವ ತಗಡಿನ ಪಟ್ಟಿ ಪೂರ್ತಿ ಎತ್ತರದ್ದು. ಜೊತೆಗೆ ಬರಬೇಕಿದ್ದ ಗಿಡ್ಡ ಪಟ್ಟಿ ಇರಲಿಲ್ಲ. ದಾವಣಗೆರೆಗೆ ಫೋನು ಮಾಡಿದರೆ, "ಇಲ್ಲೇ ಮೇಜಿನ ಮೇಲೆ ಬಿದ್ದೈತೆ, ನಾಳೆ ಕೊರಿಯರ್ ಮಾಡ್ತೀವಿ," ಎಂದರು.

"ನಾಳೆ ಯಾಕೆ? ದಾವಣಗೆರೆ ಸ್ಟ್ಯಾಂಡ್‌ನಾಗೆ ನಮ್ಮ ತಿಪ್ಪೇರುದ್ರ ಇರ್ತಾನೆ," ಎಂದ ಚಿಕ್ಕಹನುಮಂತಪ್ಪ. ತಿಪ್ಪೇರುದ್ರ ಅವನ ಕೈಕೆಳಗೆ ಟಿಕೆಟ್ ಹರಿಯಲು ಕಲಿತವನು, ಈಗ ದಾವಣಗೆರೆ–ಹೊನ್ನಾಳಿ ಬಸ್ಸಿನ ಕಂಡಕ್ಟರು. ಒಂದು ಫೋನಿನಲ್ಲಿ ಕೆಲಸವಾಯಿತು. ಎರಡು ತಾಸು ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕಾದ. ಬಸ್ಸು ಒಳಗೆ ಬರುತ್ತಿದ್ದಂತೆ ತಿಪ್ಪೇರುದ್ರ ಬಾಗಿಲಲ್ಲಿ ನೇತಾಡುತ್ತಲೇ ಅಂಗಿ ಜೇಬಿನಿಂದ ಬೆರಳುದ್ದದ ತಗಡಿನ ಪಟ್ಟಿ ತೆಗೆದು ಎತ್ತಿ ತೋರಿಸಿದ.

"ಗುರುಗಳೇ, ಇಷ್ಟಕ್ಕಾ ನೀವು ಇಷ್ಟು ಅವಸರ ಮಾಡಿದ್ದು?"

"ಇಷ್ಟೇ ಅನ್ಬ್ಯಾಡಲೇ! ನನ್ ಬಸ್ಸು ಇದ್ರ ಮ್ಯಾಲೇ ನಿಂತೈತೆ!"

ನಿಂತಿದ್ದ ಜನಕ್ಕೆ ಏನೂ ಅರ್ಥವಾಗಲಿಲ್ಲ. ಚಿಕ್ಕಹನುಮಂತಪ್ಪ ಅರವತ್ತೆರಡರ ವಯಸ್ಸನ್ನು ಮರೆತು ರಸ್ತೆ ದಾಟಿ ಓಡಿದ.

ಸಂಧ್ಯಾರಾಣಿ ಪಟ್ಟಿ ಬದಲಿಸಿ, ಸ್ಕ್ರೂ ಬಿಗಿದು, ಮುಚ್ಚಳ ಹಾಕಿದಳು. ಟಕ್ ಎಂದು ಕೂತಿತು. ಮನೆಯಲ್ಲಿರುವುದು ಹಳೆಯ ಮಾನಿಟರು, ಅದರ ವೈರು ಈ ಕಾರ್ಡಿಗೆ ಹೊಂದುವುದಿಲ್ಲ ಎಂದು ನೆನಪು ಮಾಡಿಕೊಂಡು, ನಡುವೆ ಸಿಕ್ಕಿಸುವ ಒಂದು ಗಿಡ್ಡ ಕನ್ವರ್ಟರನ್ನೂ ಕೈಗಿತ್ತಳು. "ಇದು ನಿಮ್ಮ ಚೆಕಿಂಗ್ ಕೂಲಿ," ಎಂದಳು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ನ್ಯಾಮತಿಯ ಮನೆಯಲ್ಲಿ ಬಸ್ಸು ಹೊರಟಿತು. ಈ ಸಲ ಚಿತ್ರಗಳು ಒಂದೊಂದಾಗಿ ಬರಲಿಲ್ಲ, ರಸ್ತೆಯೇ ಎದುರು ಹರಿದು ಬಂತು. ಮರದ ಎಲೆ ಅಲುಗಿತು. ಕನ್ನಡಿಯಲ್ಲಿ ಹಿಂದಿನ ಊರು ಚಿಕ್ಕದಾಗುತ್ತ ಹೋಯಿತು. ಬಲಕ್ಕೆ ಒತ್ತಿದರೆ ಬಲಕ್ಕೆ, ಆ ಕ್ಷಣಕ್ಕೇ! ಸ್ಟೇರಿಂಗು ಇರಲಿಲ್ಲ, ಕೀಬೋರ್ಡಿನ ಬಾಣದ ಗುಂಡಿಗಳಷ್ಟೇ. ಆದರೂ ಚಿಕ್ಕಹನುಮಂತಪ್ಪ ತಿರುವು ಬಂದಾಗಲೆಲ್ಲ ಕುರ್ಚಿಯಲ್ಲೇ ವಾಲುತ್ತಿದ್ದ.

"ಉಡಚೀ! ಬಾರೇ! ಹತ್ತು ಬೇಗ! ಬಸ್ಸು ಹೊಂಟೈತೆ!"

ಉಡಚಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದಳು, ನೋಡಿದಳು, ಬೆರಗಾಗಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಗಲ್ಲವೆಲ್ಲ ಹಿಟ್ಟಾಯಿತು. ಆ ವಾರ ಪಕ್ಕದ ಮನೆಯ ಅಜ್ಜಮ್ಮ ಬಂದು ನೋಡಿದರು, ಎದುರು ಮನೆಯವರು ಬಂದು ನೋಡಿದರು, ಉಡಚಮ್ಮನ ತವರು ಗೋವಿನಕೋವಿಯಿಂದ ಅವಳ ಅಣ್ಣ ಅತ್ತಿಗೆಯೂ ಬಂದು ನೋಡಿದರು. ಚಿಕ್ಕಹನುಮಂತಪ್ಪ ಸ್ಟಾಪು ಬಂದಾಗಲೆಲ್ಲ, "ಯಾರ್ರೀ ಇಳಿಯೋರು?" ಎಂದು ಕೇಳುವನು. ಅಜ್ಜಮ್ಮ ಒಂದು ಸಲ, "ನಾನು ಇಳಿತೀನಪ್ಪ, ಒಲೆ ಮ್ಯಾಲೆ ಹಾಲಿಟ್ಟಿದೀನಿ," ಎಂದು ಎದ್ದು ಹೋದರು.

ಹದಿನೈದು ದಿನಕ್ಕೆ ಒಂದು ಕಂಬಕ್ಕೂ ಗುದ್ದದಷ್ಟು ಕೈ ಕೂತಿತು. ಹದಿನಾರನೇ ದಿನ ಚಿಕ್ಕಹನುಮಂತಪ್ಪ ಚನ್ನಗಿರಿಗೆ ಫೋನು ಮಾಡಿದ. "ಬಸಪ್ಪಣ್ಣ, ಭಾನುವಾರ ಬಂದುಬಿಡು. ಊಟಕ್ಕೆ."

ಊಟಕ್ಕೆಂದು ಬಂದ ಕೊಟ್ರಬಸಪ್ಪನನ್ನು ಊಟಕ್ಕೂ ಮೊದಲೇ ಕಂಪ್ಯೂಟರಿನ ಮುಂದೆ ಕೂರಿಸಿದ. ತಾನು ಒಂದು ಊರಿಂದ ಇನ್ನೊಂದು ಊರಿಗೆ ಅಚ್ಚುಕಟ್ಟಾಗಿ ಓಡಿಸಿ, ಸ್ಟಾಪಿನಲ್ಲಿ ಬಾಗಿಲು ಸರಿಯಾಗಿ ಜನರ ಎದುರಿಗೇ ಬರುವಂತೆ ನಿಲ್ಲಿಸಿದ. ಕೊಟ್ರಬಸಪ್ಪ ಮೀಸೆ ತಿರುವುತ್ತ ನೋಡಿದ. ಆಮೇಲೆ, "ಸರಿ ಆ ಕಡೆ, ನಾನು ತೋರಿಸ್ತೀನಿ ಬಸ್ಸು ಅಂದ್ರೇನು ಅಂತ," ಎಂದು ಕುರ್ಚಿ ಹಿಡಿದ.

ನಲವತ್ತು ವರ್ಷ ಸ್ಟೇರಿಂಗ್ ತಿರುಗಿಸಿದ ಕೈಗಳಿಗೆ ಬಾಣದ ಗುಂಡಿ ಬಗ್ಗಲಿಲ್ಲ. ಬಸ್ಸು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತೂರಾಡಿತು. ಕೊಟ್ರಬಸಪ್ಪನ ಕಾಲು ನೆಲದ ಮೇಲೆ ಇಲ್ಲದ ಬ್ರೇಕನ್ನು ತುಳಿಯಿತು. ಬಸ್ಸು ತಂತಿಬೇಲಿ ಮುರಿದು, ಏರಿ ಇಳಿದು, ಕಾಲುವೆಯಲ್ಲಿ ಮೂತಿ ಮುಳುಗಿಸಿ ನಿಂತಿತು.

ಚಿಕ್ಕಹನುಮಂತಪ್ಪ ನಗತೊಡಗಿದ. ನಕ್ಕು ನಕ್ಕು ಗೋಡೆಗೆ ಒರಗಿದ, ಹಾಗೇ ಜಾರಿ ನೆಲದ ಮೇಲೆ ಕೂತ, ಕಣ್ಣಲ್ಲಿ ನೀರು ಬಂತು. ಕೊಟ್ರಬಸಪ್ಪ ಮೊದಲು ಗುರಾಯಿಸಿದ, ಆಮೇಲೆ ಅವನ ಮೀಸೆಯೂ ಅಲುಗತೊಡಗಿತು, ಕೊನೆಗೆ ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ಒಳಗಿನಿಂದ ಉಡಚಮ್ಮ, "ಊಟ ಆರ್ತೈತೆ!" ಎಂದು ಮೂರು ಸಲ ಕೂಗಿದರೂ ಕೇಳಿಸಲಿಲ್ಲ.

"ಲೇ ಹನುಮ," ಎಂದ ಕೊಟ್ರಬಸಪ್ಪ, ಕಣ್ಣೊರೆಸಿಕೊಂಡು. "ನೀನು ಚೆನ್ನಾಗಿ ಓಡಿಸ್ತಿಯಲ್ಲೋ. ಸ್ಟಾಪ್‌ನಾಗೆ ಬಾಗಿಲು ತಂದು ನಿಲ್ಸಿದ್ದು ನೋಡಿದೆ. ಅದು ನನಗೇ ಹತ್ತು ವರ್ಷ ಹಿಡೀತು." ಚಿಕ್ಕಹನುಮಂತಪ್ಪ ಎದ್ದು ಹೋಗಿ ಗೆಳೆಯನ ಎಲೆಗೆ ತಾನೇ ಎರಡು ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದ.

ಈಗ ಭಾನುವಾರ ಬೆಳಿಗ್ಗೆ ಬಸ್ಸು ಉಡಚಮ್ಮನದು. ಒಂದು ದಿನ ಗಂಡ ಯಾವುದೋ ದೂರದೇಶದ ಘಟ್ಟದಲ್ಲಿ ಓಡಿಸುತ್ತಿದ್ದಾಗ ರಸ್ತೆಯ ಎರಡೂ ಬದಿಗೆ ಹಿಮ ಬಿದ್ದಿತ್ತು. ನೋಡಿ ನೋಡಿ ತಡೆಯಲಾರದೆ, "ನಾನೊಂದು ಸಲ ಓಡಿಸ್ಲೇನ್ರೀ?" ಎಂದಿದ್ದಳು. ಸೈಕಲ್ಲನ್ನೂ ಹತ್ತಿದವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು, ಎತ್ತಿನ ಗಾಡಿಯಷ್ಟೇ ವೇಗದಲ್ಲಿ ಘಟ್ಟ ಹತ್ತಿದಳು. ಮೇಲೆ ಹತ್ತಿದರೆ ಕೆಳಗೆ ನೀಲಿ ಕೆರೆ, ಅದರ ಆಚೆ ಬೆಳ್ಳಗೆ ಹೊಳೆಯುವ ಗುಡ್ಡಗಳ ಸಾಲು. ಉಡಚಮ್ಮ ರಸ್ತೆಯ ನಡುವೆಯೇ ಬಸ್ಸು ನಿಲ್ಲಿಸಿಬಿಟ್ಟಳು. ಹಿಂದಿನ ಕಾರುಗಳೆಲ್ಲ ಹಾರ್ನು ಹೊಡೆಯತೊಡಗಿದವು.

"ಇಲ್ಲಿ ಸ್ಟಾಪ್ ಇಲ್ವೇ, ಮುಂದೆ ಹೊಡಿ!" ಎಂದು ಚಿಕ್ಕಹನುಮಂತಪ್ಪ ಗಾಬರಿಯಿಂದ ಕೂಗಿದ.

"ಸುಮ್ನಿರ್ರಿ," ಎಂದಳು ಉಡಚಮ್ಮ, ತೆರೆಯಿಂದ ಕಣ್ಣು ತೆಗೆಯದೆ. "ಎಷ್ಟು ಚೆಂದ ಐತೆ ನೋಡ್ರಿ. ಅವಸರ ಇದ್ದೋರು ಪಕ್ಕದಾಗೆ ಹೋಗ್ಲಿ."